ಮಲಗುವ ಮುಂಚಿನ ನಾಲ್ಕು ಮಾತು

"ಬೊನ್ ನ್ಯುಯಿ..."

ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದ ಅನಂತಲಕ್ಷ್ಮಿಯ ಕೈ ಅಲ್ಲೇ ನಿಂತಿತು.

ಹೆಂಗಸಿನ ದನಿ! ಜ್ವರ ಬಿಟ್ಟು ಎದ್ದವರ ಹಾಗೆ ಮೆತ್ತಗೆ, ದಣಿದು... ಪಕ್ಕದ ಮನೆಯ ಕಿಟಕಿಯಿಂದ ಬರುತ್ತಿತ್ತು.

"ದೋರ್ ಬ್ಯಾಂ... ಫೆ ದ ಬೋ ರೇವ್..."

ಯಾವ ಭಾಷೆ ಇದು? ತಮಿಳಲ್ಲ. ಇಂಗ್ಲಿಷಂತೂ ಅಲ್ಲವೇ ಅಲ್ಲ. ಮೂರು ಮಾತಿಗೆ ದನಿ ನಿಂತಿತು. ಆದರೆ ಮುಗಿದ ಹಾಗೆ ನಿಲ್ಲಲಿಲ್ಲ. ಇನ್ನೂ ಏನೋ ಬಾಕಿ ಇದೆ ಎಂದು ಯಾರೋ ಕತ್ತಲಲ್ಲಿ ಉಸಿರು ಹಿಡಿದು ಕಾಯುತ್ತಿರುವ ಹಾಗೆ...

"ಯಾರದು ಅಲ್ಲಿ?"

ಅವಳು ಬೆಚ್ಚಿ ತಿರುಗಿದಳು. ಲಾಟೀನು ಎತ್ತಿ ಹಿಡಿದುಕೊಂಡು ಒಬ್ಬ ಯುವಕ ನಿಂತಿದ್ದ. ವಾರದ ಹಿಂದೆ ಪಕ್ಕದ ಮನೆಗೆ ಬಂದವನು. ಬಡಾವಣೆಯ ಅಳತೆ ನೋಡಿಕೊಳ್ಳುವ ಓವರ್‌ಸಿಯರ್, ಹೆಸರು ಶ್ಯಾಮಸುಂದರ ಎಂದು ಅಪ್ಪ ಹೇಳಿದ್ದರು.

"ನಾನು... ಈ ಮನೆಯವಳು. ಒಳಗೆ... ನಿಮ್ಮ ಮನೆಯವರು ಏನೋ ಹೇಳ್ತಿದ್ರು..."

ಅವನ ಮುಖದಲ್ಲಿ ಏನೋ ಆರಿಹೋಯಿತು.

"ನಮ್ಮನೇಲಿ ಹೆಂಗಸರು ಯಾರೂ ಇಲ್ಲ" ಎಂದ ಮೆಲ್ಲಗೆ. "ನಾನು, ಆರು ವರ್ಷದ ನಮ್ಮಕ್ಕನ ಮಗಳು. ಅಷ್ಟೇ."

ಅನಂತಲಕ್ಷ್ಮಿ ಬಟ್ಟೆಯನ್ನೆಲ್ಲ ಎದೆಗೆ ಅವುಚಿಕೊಂಡು ಒಳಗೆ ಓಡಿದಳು.

ರಾಜಾಜಿನಗರದ ಆ ಕೊನೆಯ ಸಾಲಿನಲ್ಲಿ ಆಗ ಇದ್ದದ್ದೇ ಎರಡು ಮನೆ. ಲೈಟು ಕಂಬ ನೆಟ್ಟಿದ್ದರು, ತಂತಿ ಬಂದಿರಲಿಲ್ಲ. ಆಚೆಗೆ ಬರೀ ಬಂಡೆ, ಜಾಲಿ, ಅದರಾಚೆ ಕಾಮಾಕ್ಷಿಪಾಳ್ಯದ ರಾಗಿ ಹೊಲ. ಸುಣ್ಣ ಬಳಿದ ಸೈಟುಗಲ್ಲುಗಳು ಮುಸ್ಸಂಜೆಯಲ್ಲಿ ಮುಸುಕು ಹಾಕಿ ಕುಳಿತ ಜನರಂತೆ ಕಾಣುತ್ತಿದ್ದವು. ನರಿ ಕೂಗಿದರೆ ಮನೆಯೊಳಗೇ ಕೂಗಿದಂತೆ.

ವಿಷಯ ಕೇಳಿದ ಅಜ್ಜಿ ವೆಂಕಟಲಕ್ಷ್ಮಮ್ಮನವರು ಕೆಮ್ಮಣ್ಣು ಕಲಸಿ, ಬೆರಳಲ್ಲಿ ಅದ್ದಿ, ಬೀದಿ ಬಾಗಿಲಿನ ಮೇಲೆ ದಪ್ಪಗೆ ಬರೆದರು.

ನಾಳೆ ಬಾ.

"ಅಜ್ಜಿ, ಇದೆಲ್ಲ ಯಾಕೆ..."

"ಬಿ.ಎ. ಓದಿದೀಯ, ಬಾಯಿ ಮುಚ್ಚು. ಬಂದದ್ದು ಓದ್ಕೊಂಡು ತಿರುಗಿ ಹೋಗುತ್ತೆ. ನಾಳೆ ಬಂದ್ರೂ ನಾಳೇನೇ ಬಾ ಅಂತಿರುತ್ತೆ. ಇನ್ನೊಂದು, ದೀಪ ಹಚ್ಚಿದ ಮೇಲೆ ಹೊರಗಿಂದ ಯಾರು ಕರೆದ್ರೂ ಮೂರು ಸಲ ಕರೆಯೋ ತನಕ ಓ ಅನ್ಬೇಡ. ಅವಕ್ಕೆ ಮೂರನೇ ಸಲ ಕರೆಯೋಕೆ ಬರಲ್ಲ."

ಈ ಮನೆಯಲ್ಲಿ ಇದು ಹೊಸ ಕಟ್ಟಳೆಯೇನಲ್ಲ. ಕಾರ್ಖಾನೆಯ ಎರಡನೇ ಪಾಳಿ ಮುಗಿಸಿ ಬರುವ ಅಪ್ಪ ಸೇತುರಾಮಯ್ಯ ದಿನಾ ಬಾಗಿಲ ಮುಂದೆ ನಿಂತು, "ಅಮ್ಮಾ! ಅಮ್ಮಾ! ಅಮ್ಮಾ! ಮೂರಾಯ್ತು ತಾಯಿ, ಇನ್ನಾದ್ರೂ ತೆಗೀರಿ, ಹೊಟ್ಟೆ ಹಸೀತಿದೆ" ಎನ್ನುತ್ತಿದ್ದರು. ಬೆಳಿಗ್ಗೆ ಹೊಸ್ತಿಲು ತೊಳೆಯುವಾಗ ಅಜ್ಜಿ ಬಾಗಿಲನ್ನೂ ತೊಳೆಯುವರು. ಸಂಜೆ ಮತ್ತೆ ಕೆಮ್ಮಣ್ಣು.

* * *

ಮರುದಿನ ಮಧ್ಯಾಹ್ನ ಜಗಲಿಯ ತುದಿಯಲ್ಲಿ ಒಂದು ಪುಟ್ಟ ಹುಡುಗಿ ಕೂತಿತ್ತು. ಕಣ್ಣಿನ ಕೆಳಗೆ ಕಪ್ಪು. ಹಗಲು ಹೊತ್ತು ಅದನ್ನು ನೋಡಿಕೊಳ್ಳುತ್ತಿದ್ದವಳು ಎರಡೂ ಮನೆಗೆ ಹಾಲು ಹಾಕುವ ಲಿಂಗಮ್ಮ.

"ತಕೊಳ್ಳವ್ವಾ, ಒಂದ್ ಗಳಿಗೆ ಇದನ್ನ ನೋಡ್ಕೊ, ಹಸೀಗೆ ಹುಲ್ಲು ಹಾಕ್ಬುಟ್ಟು ಬತ್ತೀನಿ" ಎಂದು ಲಿಂಗಮ್ಮ ಹೊರಟೇ ಹೋದಳು.

"ನಿನ್ನ ಹೆಸರೇನು, ಪುಟ್ಟೀ?"

"ಪುಟ್ಟಲಕ್ಷ್ಮಿ. ನಿನ್ನೆ ನಮ್ಮಮ್ಮ ಮಾತಾಡಿದ್ದು ಕೇಳಿಸ್ಕೊಂಡ್ರಂತೆ? ಮಾಮ ಹೇಳಿದ್ರು. ಮತ್ತೆ ಕೇಳ್ತೀರಾ ಅಕ್ಕ?"

ಅನಂತಲಕ್ಷ್ಮಿ ಬೇಡ ಎನ್ನುವ ಮೊದಲೇ ಮಗುವಿನ ಗಂಟಲು ಕೆಳಗಿಳಿಯಿತು. ತುಟಿ ಚೂರೇ ಅಲುಗಿತು. ಆ ಸಣ್ಣ ಬಾಯಿಂದ ಮೂವತ್ತು ವರ್ಷದ ಹೆಂಗಸಿನ ದನಿ ಹೊರಬಂತು.

"ಬೊನ್ ನ್ಯುಯಿ..."

ನಡು ಮಧ್ಯಾಹ್ನ! ಆದರೂ ಅನಂತಲಕ್ಷ್ಮಿಯ ಮೈಯೆಲ್ಲ ಮುಳ್ಳೆದ್ದಿತು. ಅಯ್ಯೋ ಭಗವಂತ... ಇದು ಮಗುವೋ, ಇಲ್ಲ...

ಎದ್ದು ಒಳಗೆ ಹೋಗಿಬಿಡಬೇಕೆನಿಸಿತು. ಹೋಗಲಿಲ್ಲ. ಮಗುವಿನ ಕೈ ಅವಳ ಸೆರಗಿನ ತುದಿಯನ್ನು ಹಿಡಿದುಕೊಂಡಿತ್ತು.

ಕಥೆ ಚೂರುಚೂರಾಗಿ ಹೊರಬಂತು. ಪುಟ್ಟಿ ಹುಟ್ಟಿದ್ದು ಪಾಂಡಿಚೇರಿಯಲ್ಲಿ. ಅಪ್ಪ ಅಲ್ಲಿನ ಫ್ರೆಂಚ್ ಕಚೇರಿಯಲ್ಲಿದ್ದವರು, ಹಡಗು ಹತ್ತಿ ಸೈಗಾನಿಗೆ ಹೋಗಿ ಅಲ್ಲೇ ತೀರಿಕೊಂಡರು. ಅಮ್ಮ ವಿಮಲ ಕಾನ್ವೆಂಟಿನಲ್ಲಿ ಹೊಲಿಗೆ ಹೇಳಿಕೊಡುತ್ತಿದ್ದಳು. ಹಗಲೆಲ್ಲ ಕನ್ನಡ, ಮಲಗುವಾಗ ಮಾತ್ರ ಫ್ರೆಂಚು. ಅದು ತಾಯಿ ಮಗಳ ಆಟ.

"ನಾಲ್ಕು ಮಾತು ಇದೆ ಅಕ್ಕ. ಬೊನ್ ನ್ಯುಯಿ ಅಂದ್ರೆ ರಾತ್ರಿ ಒಳ್ಳೇದಾಗಲಿ. ದೋರ್ ಬ್ಯಾಂ, ಚೆನ್ನಾಗಿ ಮಲಕ್ಕೋ. ಫೆ ದ ಬೋ ರೇವ್, ಒಳ್ಳೊಳ್ಳೆ ಕನಸು ಕಾಣು."

"ನಾಲ್ಕನೇದು?"

ಮಗು ಕಾಲ ಬೆರಳಿನಿಂದ ನೆಲ ಕೆರೆಯಿತು.

"ಆ ದಮ್ಯಾಂ. ನಾಳೆ ನೋಡೋಣ ಅಂತ. ಅವತ್ತು ಅಮ್ಮಂಗೆ ತುಂಬಾ ಜ್ವರ. ಮೂರು ಹೇಳಿದ್ಲು, ನಾಲ್ಕನೇದು ಹೇಳಲಿಲ್ಲ. ನಾನು ಕಾಯ್ತಾ ಕಾಯ್ತಾ ನಿದ್ದೆ ಮಾಡ್ಬಿಟ್ಟೆ. ಬೆಳಿಗ್ಗೆ ಅಮ್ಮ ಇರಲಿಲ್ಲ."

ಅನಂತಲಕ್ಷ್ಮಿ ಮಗುವಿನ ಕೈ ಹಿಡಿದುಕೊಂಡಳು.

"ಅದಕ್ಕೇ ಈಗ ಮೂರು ನಾನು ಅಮ್ಮನ ಥರ ಹೇಳ್ಕೋತೀನಿ. ನಾಲ್ಕನೇದು ಅಮ್ಮನೇ ಹೇಳ್ಬೇಕು. ಹೇಳೋ ತನಕ ನಾನು ಮಲಗಲ್ಲ."

ಕಣ್ಣಿನ ಕೆಳಗಿನ ಕಪ್ಪು ಎಲ್ಲಿಂದ ಬಂತೆಂದು ಆಗ ತಿಳಿಯಿತು.

'ನಮ್ಮ ಮನೆಯಲ್ಲಿ ಮಲಗುವಾಗ ಯಾರೂ ಯಾರಿಗೂ ಏನೂ ಹೇಳುವುದಿಲ್ಲ' ಎಂದುಕೊಂಡಳು ಅನಂತಲಕ್ಷ್ಮಿ. 'ಬಾಗಿಲು ಹಾಕಿದ್ಯಾ, ದೀಪ ಸಣ್ಣ ಮಾಡು... ಅಷ್ಟೇ. ನಾಳೆ ಇದ್ದೇ ಇರುತ್ತದೆ ಎಂಬ ಧೈರ್ಯವೇ? ಇಲ್ಲ, ಬಾಯಿ ಬಿಟ್ಟು ಹೇಳಿದರೆ ದೃಷ್ಟಿಯಾದೀತೆಂಬ ಭಯವೇ?'

"ನನಗೆ ಕಲಿಸ್ತೀಯಾ ಪುಟ್ಟೀ?" ಎಂದಿತು ಅವಳ ಬಾಯಿ. ತಾನೇ ಕೇಳಿದ್ದೆಂದು ಅವಳಿಗೇ ನಂಬಿಕೆಯಾಗಲಿಲ್ಲ.

* * *

ಹೀಗೆ ಜಗಲಿಯ ಮೇಲೆ ಫ್ರೆಂಚ್ ಪಾಠ ಶುರುವಾಯಿತು. ಬದಲಿಗೆ ಅನಂತಲಕ್ಷ್ಮಿ ಸ್ಲೇಟಿನ ಮೇಲೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದಳು.

"ನುಯಿ ಅಲ್ಲ ಅಕ್ಕ, ನ್ಯುಯಿ. ತುಟಿ ಮುಂದಕ್ಕೆ ಮಾಡಿ. ಇನ್ನೂ... ಇನ್ನೂ!"

ಹೊರಗೆ ಇಣುಕಿದ ಅಜ್ಜಿ ದಂಗಾದರು. "ಏನೇ ಅನಂತು ಅದು, ಒಲೆ ಊದೋ ಹಾಗೆ ಮೂತಿ ಮಾಡ್ಕೊಂಡು ಕೂತಿದೀಯ! ಗಂಡಿನ ಕಡೆಯವರು ನೋಡಿದ್ರೆ ಎದ್ದು ಓಡ್ತಾರೆ!"

ಪುಟ್ಟಿ ನಕ್ಕಿತು. ಅದು ನಕ್ಕದ್ದು ಅದೇ ಮೊದಲು. ಆದರೂ ಅಜ್ಜಿ ಅದನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಕತ್ತಲಾದ ಮೇಲೆ ಮೊಮ್ಮಗಳನ್ನು ಹೊರಗೂ ಬಿಡಲಿಲ್ಲ. ಸಂಜೆಯಾದರೆ ಮತ್ತದೇ ದನಿ... ಮೂರು ಮಾತು... ಮತ್ತದೇ ಕಾಯುವಿಕೆ.

"ನೀವು ಚೆನ್ನಾಗಿ ಹೇಳ್ತೀರಿ ಅಕ್ಕ" ಎಂದಿತು ಮಗು ಒಂದು ದಿನ. "ಆದ್ರೆ ಹಗಲಲ್ಲಿ ಹೇಳಿದ್ರೆ ಅದು ಬರೀ ಪಾಠ. ಮಲಗೋವಾಗ ಹೇಳಿದ್ರೇನೇ ನಿಜ."

"ನಿಮ್ಮ ಮಾಮ ಹೇಳಲ್ವಾ?"

"ಮಾಮ ಹೇಳಿದ್ರೆ ಬೈದ ಹಾಗಿರುತ್ತೆ!"

"ನಿಜ, ನಾನು ಹೇಳಿದ್ರೆ ಕೂಲಿಯವರನ್ನ ಗದರಿಸಿದ ಹಾಗಿರುತ್ತೆ."

ಶ್ಯಾಮಸುಂದರ ಯಾವಾಗ ಬಂದು ನಿಂತಿದ್ದನೋ! ಅಳತೆಯ ಸರಪಳಿ ಹೆಗಲ ಮೇಲೆ, ಕಾಲೆಲ್ಲ ಕೆಂಪು ಧೂಳು. ಅನಂತಲಕ್ಷ್ಮಿ ತಟ್ಟನೆ ಎದ್ದು ಕಂಬದ ಮರೆಗೆ ಸರಿದಳು.

"ನಿಮ್ಮ ದನಿ ಇವತ್ತೇ ಸರಿಯಾಗಿ ಕೇಳಿದ್ದು" ಎಂದ. "ಕನ್ನಡದಲ್ಲಿ ಯಾಕೆ ಇಷ್ಟು ಮೆಲ್ಲಗೆ ಮಾತಾಡ್ತೀರಿ?"

'ಕನ್ನಡದಲ್ಲಿ ಎಲ್ಲರಿಗೂ ಅರ್ಥವಾಗಿಬಿಡುತ್ತಲ್ಲ' ಎಂದುಕೊಂಡಳು. ಬಾಯಿಗೆ ಬರಲಿಲ್ಲ. ಕಂಬದ ಹಿಂದಿನಿಂದ ಬರೀ ಒಂದು ನಗು ಜಾರಿತು. ಅವನೂ ನಕ್ಕ. ಪಾಠದ ಹೊತ್ತಿಗೆ ಸರಿಯಾಗಿ ಅವನಿಗೆ ಆ ದಿಕ್ಕಿನಲ್ಲೇ ಅಳತೆ ಕೆಲಸ ಬೀಳತೊಡಗಿದ್ದು ಅಂದಿನಿಂದ!

ಒಂದು ದಿನ ಅವನ ಮುಖ ಬಾಡಿತ್ತು.

"ಪುಟ್ಟಿ ದಿನೇ ದಿನೇ ಸವೀತಿದಾಳೆ. ಪಾಂಡಿಚೇರಿಯ ಕಾನ್ವೆಂಟಿನಲ್ಲಿ ಬಿಟ್ಟು ಬಾ ಅಂತಾರೆ ಡಾಕ್ಟರು. ಅಲ್ಲಿ ಸಿಸ್ಟರುಗಳು ಆ ಮಾತು ಹೇಳ್ತಾರೆ, ಮಲಗ್ತಾಳೆ ಅಂತ. ಆದ್ರೆ..." ಅವನು ಸರಪಳಿಯ ಕೊಂಡಿಯೊಂದನ್ನು ತಿರುವುತ್ತಾ ನಿಂತ. "ಇಲ್ಲೇ ಯಾರಾದ್ರೂ ಹೇಳೋರಿದ್ರೆ... ದಿನಾ... ನಮ್ಮ ಮನೆಯವರಾಗಿ..."

ಅನಂತಲಕ್ಷ್ಮಿ ಕಂಬವನ್ನು ಹಿಡಿದುಕೊಂಡಳು.

"ನಾಳೆ ಕೆಲಸ ಮುಗಿಸ್ಕೊಂಡು, ದೀಪ ಹಚ್ಚೋ ಹೊತ್ತಿಗೆ ಬರ್ತೀನಿ. ನಿಮ್ಮ ಅಜ್ಜಿ ಹತ್ತಿರ ಒಂದು ಮಾತು ಕೇಳ್ಬೇಕು. ನಿಮಗೆ ಇಷ್ಟ ಇಲ್ದಿದ್ರೆ ಬಾಯಿ ಬಿಟ್ಟು ಹೇಳೋ ಕಷ್ಟ ಬೇಡ. ಬಾಗಿಲು ತೆಗೀಬೇಡಿ. ನನಗೆ ಅರ್ಥ ಆಗುತ್ತೆ."

'ತೆಗೆಯುತ್ತೇನೆ!' ಎಂದಿತು ಮನಸ್ಸು. 'ಖಂಡಿತ ತೆಗೆಯುತ್ತೇನೆ!'

ಬಾಯಿ ಮಾತ್ರ... ಎಂದಿನಂತೆ... ಮುಚ್ಚಿಯೇ ಇತ್ತು.

* * *

ಮರುಸಂಜೆ ಗಾಳಿಯೇ ಇರಲಿಲ್ಲ. ದೀಪದ ಕುಡಿ ಅಲುಗದೆ ನಿಂತಿತ್ತು.

"ಅನಂತಲಕ್ಷ್ಮಿಯವರೇ!"

ಅವಳು ಚಂಗನೆ ಎದ್ದಳು. ಅಜ್ಜಿಯ ಕೈ ಅವಳ ಮಣಿಕಟ್ಟನ್ನು ಹಿಡಿಯಿತು.

"ಒಂದು" ಎಂದರು ಅಜ್ಜಿ ಪಿಸುದನಿಯಲ್ಲಿ.

"ಅಜ್ಜಿ, ಅವರು... ಪಕ್ಕದ ಮನೆ..."

"ಅವನ ದನಿ ಅಂತ ನಿಂಗೇನೇ ಗೊತ್ತು? ಆ ಮನೇಲಿ ಒಬ್ಬರ ದನೀಲಿ ಇನ್ನೊಬ್ಬರು ಮಾತಾಡ್ತಾರೆ! ಮೂರಾಗಲಿ. ಆಮೇಲೆ ನಾನೇ ತೆಗೀತೀನಿ."

"ಅನಂತಲಕ್ಷ್ಮಿಯವರೇ..."

ಎರಡು.

ಅವಳ ಬೆರಳು ಚಿಲಕದ ಮೇಲಿತ್ತು. ಹುಟ್ಟಿದಾಗಿನಿಂದ ಪಾಲಿಸಿದ ಕಟ್ಟಳೆ. ಇನ್ನೊಂದೇ ಸಲ... ಈಗ ಕರೆಯುತ್ತಾರೆ... ಇಗೋ, ಈಗ...

ಹೊರಗೆ ಮೌನ.

ಲಾಟೀನಿನ ಬೆಳಕು ಬಾಗಿಲ ಸಂದಿಯಲ್ಲಿ ಒಮ್ಮೆ ಮೇಲೆ ಹೋಯಿತು, ಅಲ್ಲೇ ನಿಂತಿತು. ಯಾರೋ ಏನನ್ನೋ ಓದುತ್ತಿರುವಷ್ಟು ಹೊತ್ತು. ಆಮೇಲೆ ಕತ್ತಲಾಯಿತು.

ಅಜ್ಜಿಯ ಕೈ ಕೊಡವಿ ಅವಳು ಬಾಗಿಲು ತೆರೆದಾಗ ಲಾಟೀನು ಸೈಟುಗಲ್ಲುಗಳ ನಡುವೆ ಪಕ್ಕದ ಮನೆಯ ಕಡೆ ಹೋಗುತ್ತಿತ್ತು. ಪಕ್ಕದಲ್ಲಿ ಒಂದು ಪುಟ್ಟ ನೆರಳು.

ಕೂಗು! ಅನಂತು, ಕೂಗು!

ಕೂಗಲಾಗಲಿಲ್ಲ. ತಿರುಗಿ ನೋಡಿದಳು. ಕೆಮ್ಮಣ್ಣಿನ ಅಕ್ಷರ ಇನ್ನೂ ಹಸಿ ಇತ್ತು. ನಾಳೆ ಬಾ. ಈ ಸೀಮೆಯವನಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಯ್ಯೋ... ಅವನನ್ನೂ ಆ ಮಗುವನ್ನೂ ನಾವು ಪಿಶಾಚಿಗಳೆಂದು ಬಾಗಿಲು ಹಾಕಿದಂತಾಯಿತಲ್ಲ!

ಬೆಳಿಗ್ಗೆ ಹಾಲು ತಂದ ಲಿಂಗಮ್ಮ ಸುದ್ದಿಯನ್ನೂ ತಂದಳು.

"ಆ ಸೋಮಿ ನಾಳಿಕ್ಕೆ ಮಗೀನ ಕರ್ಕೊಂಡು ಪಾಂಡಿಚೇರಿಗೆ ಒಂಟೋಯ್ತಾರಂತೆ ಕಣ್ರವ್ವ. ಅಲ್ಲೇ ಬುಟ್ಟು ಬತ್ತಾರಂತೆ. ಬಂದು ಈ ಮನೇನೂ ಖಾಲಿ ಮಾಡ್ತಾರಂತೆ. ಮಕ ನೋಡಕ್ಕಾಗಕಿಲ್ಲ, ಪಾಪ."

ಆ ದಿನ ಪುಟ್ಟಿ ಜಗಲಿಗೆ ಬರಲಿಲ್ಲ. ಅಳತೆ ಕೆಲಸವೂ ಈ ದಿಕ್ಕಿನಲ್ಲಿ ಬೀಳಲಿಲ್ಲ. ಹೋಗಿ ಹೇಳಲೇ? ಏನೆಂದು ಹೇಳಲಿ? ಹೊಸ್ತಿಲವರೆಗೆ ಹೋಗುವಳು, ತಿರುಗಿ ಬರುವಳು. ಹೀಗೇ ಸಂಜೆಯಾಯಿತು.

ಅಜ್ಜಿ ದೀಪ ಹಚ್ಚಿ, ಕೆಮ್ಮಣ್ಣಿನಲ್ಲಿ ಬರೆದು, ಬಾಗಿಲು ಹಾಕಿ ಜಪಕ್ಕೆ ಕೂತರು.

"ಅನಂತಲಕ್ಷ್ಮೀ..."

ಹೆಂಗಸಿನ ದನಿ! ಬಾಗಿಲಿನ ಹೊರಗೇ! ಮೆತ್ತಗೆ, ದಣಿದು...

ಅಜ್ಜಿಯ ಕೈಯಿಂದ ಜಪಮಣಿ ಬಿತ್ತು. "ಓ ಅನ್ಬೇಡ! ಅನಂತು, ನನ್ನಾಣೆ!"

ದೀಪದ ಕುಡಿ ಒಂದು ಪಕ್ಕಕ್ಕೆ ವಾಲಿತು. ಮೊದಲನೆಯ ಕರೆ. ಇನ್ನೆರಡು ಬರುವವರೆಗೆ ಕಾಯಬೇಕು. ನಿನ್ನೆಯೂ ಕಾದೆ. ಕಾದು ಏನನ್ನು ಉಳಿಸಿಕೊಂಡೆ?

"ಓ!" ಎಂದು ಕೂಗಿದಳು. ಮನೆಯೆಲ್ಲ ಕೇಳುವಂತೆ. "ಬಂದೇ!"

ಚಿಲಕ ಸರಿಸಿ ಬಾಗಿಲು ತೆರೆದಳು.

ಪುಟ್ಟಿ ನಿಂತಿತ್ತು. ತಟ್ಟಲು ಎತ್ತಿದ ಕೈ ಎತ್ತಿದ ಹಾಗೇ ಇತ್ತು.

"ನಾಳೆ ಬಾ ಅಂತ ಬರೆದಿದ್ರಲ್ಲ ಅಕ್ಕ" ಎಂದಿತು. "ನಿನ್ನೆ ನಾನೇ ಓದಿದೆ. ಎಲ್ಲಾ ಅಕ್ಷರ ಬಂತು. ಮಾಮ ಯಾಕೋ ಅತ್ತರು. ಆದ್ರೆ ನಾಳೆ ಬಾ ಅಂದ್ರೆ ಆ ದಮ್ಯಾಂ ಅಲ್ವಾ? ಅದಕ್ಕೇ ಇವತ್ತು ಬಂದೆ."

ಅನಂತಲಕ್ಷ್ಮಿ ಅದನ್ನು ಬಾಚಿ ಅಪ್ಪಿಕೊಂಡಳು.

ಅಜ್ಜಿ ಹಣತೆ ಹಿಡಿದು ಬಗ್ಗಿ, ಮಗುವಿನ ಪಾದ ನೋಡಿದರು. ಬೆರಳು ಮುಂದಕ್ಕೇ ಇದ್ದವು. ಮಣ್ಣು ಮೆತ್ತಿತ್ತು. ಒಂದರಿಂದ ರಕ್ತ ಜಿನುಗುತ್ತಿತ್ತು.

"ಕಾಲು ನೆಟ್ಟಗಿದೆ ಕಣೇ..." ಎಂದರು. ಅವರ ದನಿ ಒಡೆಯಿತು. "ಜಾಲಿ ಮುಳ್ಳು ಚುಚ್ಚಿದೆ ಕೂಸಿಗೆ. ಒಳಗೆ ಕರ್ಕೋ. ಅರಿಶಿನ ತರ್ತೀನಿ."

ಅಜ್ಜಿಯೇ ಅದನ್ನು ಹೊಸ್ತಿಲು ದಾಟಿಸಿದರು.

"ಹೆಸರು ಹಿಡಿದು ಕರೀಬಾರದು ಪುಟ್ಟೀ, ಅದೂ ಅಮ್ಮನ ದನೀಲಿ... ಎಷ್ಟು ಹೆದರಿದ್ವಿ ಗೊತ್ತಾ!" ಎಂದಳು ಅನಂತಲಕ್ಷ್ಮಿ.

ಮಗು ಕಣ್ಣರಳಿಸಿತು.

"ನಾನು ಕರೀಲಿಲ್ಲ ಅಕ್ಕ. ಈಗ ತಾನೆ ಬಂದೆ. ಬಾಗಿಲು ತಟ್ಟೋಕೆ ಕೈ ಎತ್ತಿದ್ದೆ, ಅಷ್ಟೇ."

ಅರಿಶಿನದ ಬಟ್ಟಲು ಹಿಡಿದ ಅಜ್ಜಿ ಅನಂತಲಕ್ಷ್ಮಿಯ ಮುಖ ನೋಡಿದರು. ಅನಂತಲಕ್ಷ್ಮಿ ಅಜ್ಜಿಯ ಮುಖ ನೋಡಿದಳು. ಇಬ್ಬರೂ ಬಾಗಿಲ ಕಡೆ ನೋಡಲಿಲ್ಲ.

"ಅಜ್ಜಿ, ನಾನು ಇವಳನ್ನ ಮಲಗಿಸಿ ಬರ್ತೀನಿ."

ಅಜ್ಜಿ ಮಗುವಿನ ಬೆರಳಿಗೆ ಅರಿಶಿನ ಮೆತ್ತಿದರು. ಆಮೇಲೆ ಎಂದರು, "ಹೋಗು. ನಾನು ಇಲ್ಲೇ ಜಗಲಿ ಮೇಲೆ ದೀಪ ಹಿಡ್ಕೊಂಡು ಕೂತಿರ್ತೀನಿ."

* * *

ಶ್ಯಾಮಸುಂದರ ಮಗುವನ್ನು ಹುಡುಕಿ ಹೊರಗೆ ಓಡಿಬರುತ್ತಿದ್ದ. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ತನ್ನ ಮೆಟ್ಟಿಲು ಹತ್ತುತ್ತಿದ್ದ ಅನಂತಲಕ್ಷ್ಮಿಯನ್ನು ಕಂಡು ನಿಂತುಬಿಟ್ಟ. ಹಜಾರದಲ್ಲಿ ಕಟ್ಟಿಟ್ಟ ಟ್ರಂಕು ಕಾಣುತ್ತಿತ್ತು.

"ನೀವು ಮೂರನೇ ಸಲ ಕರೀಲಿಲ್ಲ" ಎಂದಳು. ಇಷ್ಟು ದಿನ ಮಾತನ್ನೇ ಕಾಣದ ಗಂಟಲು ಈಗ ನಿಲ್ಲಲಿಲ್ಲ. "ನಮ್ಮ ಮನೇಲಿ ಅಪ್ಪನಿಗೂ ಮೂರು ಸಲ ಕರೆದ ಮೇಲೇ ಬಾಗಿಲು. ನನ್ನ ಕೈ ಚಿಲಕದ ಮೇಲಿತ್ತು. ಇನ್ನೊಂದು ಸಲ... ಒಂದೇ ಒಂದು ಸಲ ಕರೆದಿದ್ರೆ..."

"ಬಾಗಿಲ ಮೇಲೆ ಬರೆದಿತ್ತಲ್ಲ..."

"ಅದು ನಿಮಗಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ತುಟಿಯ ಮೇಲೆ ಬೆರಳಿಟ್ಟಳು. ಮಗು ಆಕಳಿಸುತ್ತಿತ್ತು.

ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿಸಿ, ಹೊದಿಕೆ ಹೊದಿಸಿ, ಪಕ್ಕದಲ್ಲಿ ಕೂತಳು. ಕಿಟಕಿಯ ಹತ್ತಿರ ಒಂದು ಖಾಲಿ ಕುರ್ಚಿ ಇತ್ತು. ಅದರ ಕಡೆ ನೋಡದಿರಲು ಪ್ರಯತ್ನಿಸಿದಳು.

"ಬೊನ್ ನ್ಯುಯಿ, ಪುಟ್ಟೀ."

"ಬೊನ್ ನ್ಯುಯಿ." ಅದು ಮಗುವಿನದೇ ದನಿ.

"ದೋರ್ ಬ್ಯಾಂ... ಫೆ ದ ಬೋ ರೇವ್..."

ಮಗು ಉಸಿರು ಹಿಡಿಯಿತು. ಕೋಣೆಯೇ ಉಸಿರು ಹಿಡಿದಂತಿತ್ತು.

ಹೇಳಿದರೆ ನಾಳೆ ಬರಬೇಕು. ನಾಡಿದ್ದೂ. ಪ್ರತಿದಿನವೂ. ಇದು ಪಾಠವಲ್ಲ...

"ಆ ದಮ್ಯಾಂ" ಎಂದಳು ಅನಂತಲಕ್ಷ್ಮಿ.

"ಆ ದಮ್ಯಾಂ, ಅಕ್ಕ..." ಮಗು ಉತ್ತರ ಮುಗಿಸುವುದರೊಳಗೇ ನಿದ್ದೆ ಹೋಯಿತು. ಬೆರಳು ಬಾಯಲ್ಲಿ, ಹುಬ್ಬು ಸಡಿಲ.

ಅವಳು ಮೆಲ್ಲಗೆ ಎದ್ದಳು. ಬಾಗಿಲಲ್ಲಿ ಶ್ಯಾಮಸುಂದರ ನಿಂತಿದ್ದ, ಕಣ್ಣು ಒದ್ದೆ.

ಆಗ, ಕಿಟಕಿಯ ಕಡೆಯಿಂದ...

"ಬೊನ್ ನ್ಯುಯಿ..."

ಇಬ್ಬರೂ ಕಲ್ಲಾದರು. ಮಗುವಿನ ಬಾಯಲ್ಲಿ ಬೆರಳಿತ್ತು. ತುಟಿ ಅಲುಗಿರಲಿಲ್ಲ.

"ಅಕ್ಕ..." ಎಂದು ಅವನು ತೊದಲಿದ.

ಅನಂತಲಕ್ಷ್ಮಿ ಖಾಲಿ ಕುರ್ಚಿಯ ಕಡೆ ತಿರುಗಿ ಕೈ ಜೋಡಿಸಿದಳು. ಮೂರು ಸಲ ಕರೆಯಲೆಂದು ಕಾಯಲಿಲ್ಲ.

"ಬೊನ್ ನ್ಯುಯಿ, ವಿಮಲಕ್ಕ. ದೋರ್ ಬ್ಯಾಂ. ಫೆ ದ ಬೋ ರೇವ್."

ಅಷ್ಟಕ್ಕೆ ನಿಲ್ಲಿಸಿದಳು.

ಕಿಟಕಿಯ ಪರದೆ ಒಮ್ಮೆ ಹೊರಗೆ ಹಾರಿ, ತಿರುಗಿ ಬಂದು ಸುಮ್ಮನಾಯಿತು. ಕೋಣೆಯಲ್ಲಿ ಮಗುವಿನ ಉಸಿರೊಂದೇ ಉಳಿಯಿತು.

ಅವನು ಲಾಟೀನು ಹಿಡಿದು ಅವಳ ಜೊತೆ ಹೊರಗೆ ಜಗಲಿಗೆ ಬಂದ. ಆಚೆ ಮನೆಯ ಜಗಲಿಯಲ್ಲಿ ಅಜ್ಜಿ ಒದ್ದೆ ಬಟ್ಟೆ ಹಿಡಿದು ಬಾಗಿಲನ್ನು ಒರೆಸುತ್ತಿದ್ದರು. ಬೆಳಗಾಗುವವರೆಗೆ ಅವರು ಕಾಯದಿದ್ದದ್ದು ಅದೇ ಮೊದಲು.

"ನಮ್ಮಕ್ಕನಿಗೆ ನಾಲ್ಕನೇ ಮಾತು ಹೇಳಲಿಲ್ಲ ನೀವು" ಎಂದ ಶ್ಯಾಮಸುಂದರ.

"ಅವರಿಗೆ ತುಂಬಾ ಸುಸ್ತಾಗಿದೆ. ನಾಳೆ ಬರೋದು ಬೇಡ... ಇನ್ನು ಮಲಗಲಿ."

ಅವನು ತಲೆ ಬಗ್ಗಿಸಿ ಕಣ್ಣೊರೆಸಿಕೊಂಡ. ಸ್ವಲ್ಪ ಹೊತ್ತಿಗೆ ಕೇಳಿದ,

"ನನಗೆ?"

ಕಂಬದ ಮರೆ ಹತ್ತಿರದಲ್ಲೇ ಇತ್ತು. ಅನಂತಲಕ್ಷ್ಮಿ ಸರಿಯಲಿಲ್ಲ.

"ಆ ದಮ್ಯಾಂ."

ಅವನು ಸುಮ್ಮನಿದ್ದ.

"ಯಾಕೆ... ಉತ್ತರ ಇಲ್ವಾ?"

"ನಿಮ್ಮ ಮನೆ ಕಟ್ಟಳೆ ಅಲ್ವಾ?" ಲಾಟೀನಿನ ಬೆಳಕಲ್ಲಿ ಅವನ ತುಟಿಯ ತುದಿ ನಗುತ್ತಿತ್ತು. "ದೀಪ ಹಚ್ಚಿದ ಮೇಲೆ ಒಂದೇ ಸಲಕ್ಕೆ ಓ ಅನ್ನಬಾರದಂತೆ."

ಅವಳ ಮುಖ ಕೆಂಪಾಯಿತು. ಆಚೆ ಅಜ್ಜಿ ಕೆಮ್ಮಿದರು.

"ಆ ದಮ್ಯಾಂ" ಎಂದಳು ಮತ್ತೊಮ್ಮೆ. ಆಮೇಲೆ ಅವನ ಕಣ್ಣನ್ನೇ ನೋಡುತ್ತಾ, ಕನ್ನಡದಲ್ಲಿ, ಅಜ್ಜಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ನಾಳೆ ಬನ್ನಿ."

"ಓ..." ಎಂದ ಅವನು.